ಎಡೆಗೆ ಅರ್ಧ ಕಾಫಿ

ಅಪ್ಪ ತೀರಿಕೊಂಡ ಮೇಲೆ ಬನಶಂಕರಿಯ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಚರ್ಚಾಸ್ಪರ್ಧೆ ನಡೆಯುತ್ತಿತ್ತು. ವಿಷಯ ಒಂದೇ: ಅಪ್ಪನಿಗೆ ಎಡೆ ಇಡಬೇಕೇ, ಬೇಡವೇ. ಪರವಾಗಿ ಅಮ್ಮ, ವಿರೋಧವಾಗಿ ನಾನು. ತೀರ್ಪು ಹೇಳಬೇಕಾದವರು ಗೋಡೆಯ ಮೇಲೆ ಫೋಟೋ ಆಗಿದ್ದರು.

ಮಹಾಲಯ ಅಮಾವಾಸ್ಯೆಯ ದಿನ, ಹೋದವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ ಎಲೆಗೆ ಬಡಿಸಿ, ದೀಪ ಹಚ್ಚಿ, ಕೋಣೆಯ ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ಬಂದು ಕೂರುತ್ತಾರೆ. ಸ್ವಲ್ಪ ಹೊತ್ತು ಯಾರೂ ಒಳಗೆ ಹೋಗುವಂತಿಲ್ಲ. ಬಂದವರು ನೆಮ್ಮದಿಯಾಗಿ ಊಟ ಮಾಡಬೇಕು. ಆಮೇಲೆ ಒಮ್ಮೆ ಕೆಮ್ಮಿ, ಬಾಗಿಲು ತಟ್ಟಿ, ತೆಗೆಯುತ್ತಾರೆ. ಕೆಮ್ಮುವುದು ಯಾಕೆಂದು ಚಿಕ್ಕವಳಿದ್ದಾಗ ಅಜ್ಜಿಯ ಮನೆಯಲ್ಲಿ ಕೇಳಿದ್ದೆ. ಊಟಕ್ಕೆ ಕೂತವರು ಗಾಬರಿಯಾಗಬಾರದಂತೆ.

ಅಪ್ಪ ಹೈಸ್ಕೂಲು ಮೇಷ್ಟ್ರು. ಇದನ್ನೆಲ್ಲ ನಂಬಿದವರಲ್ಲ. "ನನಗೆ ಎಡೆಗಿಡೆ ಇಡೋಕೆ ಹೋಗ್ಬೇಡಿ. ಹಸಿವಾದ್ರೆ ಬದುಕಿದ್ದಾಗಲೇ ಕೇಳ್ತೀನಿ" ಎಂದು ಎಷ್ಟೋ ಸಲ ಹೇಳಿದ್ದರು. ನನಗೆ ಆ ಒಂದು ಮಾತು ಸಾಕಿತ್ತು. ಅಮ್ಮ ಅಡುಗೆಮನೆಯಿಂದ ಏನೇ ಹೇಳಲಿ, ಅದನ್ನೇ ತೆಗೆದು ಮುಂದಿಡುತ್ತಿದ್ದೆ.

"ಅದನ್ನ ಅವರು ಹೇಳ್ತಿದ್ದದ್ದು ಹಬ್ಬದೂಟ ಹೊಡೆದು ಬೆಲ್ಟ್ ಸಡಿಲ ಮಾಡ್ಕೊಂಡು ಕೂತಾಗ" ಎನ್ನುತ್ತಿದ್ದಳು ಅಮ್ಮ. "ಹೊಟ್ಟೆ ತುಂಬಿದೋರ ಮಾತನ್ನ ಸಾಕ್ಷಿ ಅಂತಾರೇನೇ?"

"ಹೇಳಿದ್ದು ಹೌದೋ ಅಲ್ವೋ?"

"ಹೌದು."

"ಮತ್ತೆ?"

"ಒಂದೇ ಸಲ ಇಡ್ತೀನಿ ಕಣೇ. ಬರ್ಲಿ, ಬಿಡ್ಲಿ. ಒಂದು ಸಲ."

"ಬೇಡ ಅಂದೋರಿಗೆ ಬಲವಂತವಾಗಿ ಬಡಿಸೋದು ಪ್ರೀತಿನಾ, ಸೇಡಾ?"

ಅಮ್ಮ ಒಳಗೆ ಹೋಗುತ್ತಿದ್ದಳು. ನಾನು ಗೆದ್ದಿರುತ್ತಿದ್ದೆ. ಅಮಾವಾಸ್ಯೆಯ ದಿನ ನಮ್ಮ ಬೀದಿಯ ಮನೆಮನೆಯಿಂದ ವಡೆ ಕರಿಯುವ ವಾಸನೆ ಬರುತ್ತಿದ್ದರೆ ನಮ್ಮ ಮನೆಯಲ್ಲಿ ಕುಕ್ಕರ್ ಒಂದೇ ಕೂಗುತ್ತಿತ್ತು.

ವಾದ ಕಲಿಸಿದವರು ಅಪ್ಪನೇ. ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ನಾನು ತಯಾರಿ ಮಾಡುವಾಗ ಪೇಪರ್ ಓದುತ್ತ ಕೂತಿರುತ್ತಿದ್ದರು. ನಾನು ಒಂದು ಅಂಶ ಹೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತಲೆ ಎತ್ತದೆ "ಆಮೇಲೆ?" ಎನ್ನುತ್ತಿದ್ದರು. ಭೇಷ್ ಇಲ್ಲ, ತಪ್ಪು ಎನ್ನುವುದೂ ಇಲ್ಲ. ಬರೀ "ಆಮೇಲೆ?" ನಾನು ಮುಂದಿನ ಅಂಶ ಹುಡುಕಬೇಕು. ಅದಕ್ಕೂ "ಆಮೇಲೆ?" ನನ್ನ ಬಳಿ ಏನೂ ಉಳಿಯದೆ ಅಳು ಬರುವ ಹೊತ್ತಿಗೆ ಹೇಳುವ ಮಾತೇ ಸ್ಪರ್ಧೆಯಲ್ಲಿ ಗೆಲ್ಲಿಸುತ್ತಿತ್ತು.

ಗೆದ್ದರೂ ಸೋತರೂ ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿಯಲ್ಲಿ ಒಂದು ಬೈ ಟೂ ಕಾಫಿ. ಒಂದು ಕಾಫಿಗೆ ಎರಡು ಲೋಟ. ಎರಡು ಕಾಫಿ ಕೊಳ್ಳಲು ಆಗದೆ ಅಲ್ಲ; ಪೂರ್ತಿ ಲೋಟ ಹಿಡಿದರೆ ಮಾತಾಡುತ್ತ ಆಡುತ್ತ ಕೆನೆ ಕಟ್ಟುತ್ತದೆ ಎನ್ನುವುದು ಅಪ್ಪನ ಸಿದ್ಧಾಂತ. ಕಾಫಿಯ ಕೆನೆ ಕಂಡರೆ ಅವರಿಗೆ ಹೇಸಿಗೆ. ಎರಡು ಲೋಟದಲ್ಲಿ ಯಾವುದರಲ್ಲಿ ಒಂದು ಗುಟುಕು ಹೆಚ್ಚಿದೆಯೋ ಅದನ್ನು ನನ್ನ ಕಡೆ ತಳ್ಳುತ್ತಿದ್ದರು. ತಮ್ಮದನ್ನು ಮುಟ್ಟುತ್ತಿರಲಿಲ್ಲ. "ವಿರೋಧ ಪಕ್ಷದವರು ಮೊದಲು" ಎಂದು ಕಾಯುತ್ತಿದ್ದರು. ನಾನು ಒಂದು ಗುಟುಕು ಕುಡಿದ ಮೇಲೆಯೇ ಅವರದು.

ಅವರು ಹೋದ ಮೇಲೆ ನಾನು ಒಬ್ಬಳೇ ಆ ದರ್ಶಿನಿಗೆ ಹೋಗಲಿಲ್ಲ. ಒಬ್ಬರಿಗೆ ಬೈ ಟೂ ಕೊಡುವುದಿಲ್ಲ ಎನ್ನುವುದೊಂದೇ ಕಾರಣವಾಗಿರಲಿಲ್ಲ.

ಕೆಲಸ ಸಿಕ್ಕಿದ್ದು ಜೆ.ಪಿ. ನಗರದ ಒಂದು ವೆಬ್‌ಸೈಟ್ ಕಂಪನಿಯಲ್ಲಿ. ಕಂಪನಿ ಎಂದರೆ ಹಿಟ್ಟಿನ ಮಿಲ್ಲಿನ ಮೇಲಿನ ಒಂದು ಮಹಡಿ, ಹೊಟ್ಟೆ ಉಬ್ಬಿದ ನಾಲ್ಕಾರು ಮಾನಿಟರು, ಅವುಗಳ ಮೇಲೆ ತೆಳ್ಳಗೆ ರಾಗಿಹಿಟ್ಟು. ಕೆಳಗೆ ಮಿಲ್ಲು ಓಡಿದರೆ ನಮ್ಮ ಮೇಜು ನಡುಗುತ್ತಿತ್ತು. ಮೊದಲ ವಾರ ನಾನು ಹಾಸಿಗೆ ಅಂಗಡಿಯೊಂದಕ್ಕೆ ಬರೆದುಕೊಟ್ಟ ಪುಟವನ್ನು ಓದಿ ಬಾಸ್ ನಗಲಿಲ್ಲ, ಬೈಯಲೂ ಇಲ್ಲ.

"ನೀನು ಡಿಬೇಟ್ ಚಾಂಪಿಯನ್ ಅಲ್ವಾ?"

"ಹೌದು."

"ಕಾಣಿಸ್ತಿದೆ. ಓದಿದ್ರೆ ಬಾಯಿ ಮುಚ್ಕೋಬೇಕು ಅನ್ಸುತ್ತೆ. ಗುರು, ಇಲ್ಲಿ ಎದುರಿಗಿರೋನು ಪರ್ಸ್ ತೆಗೀಬೇಕು. ಬಾಯಿ ಮುಚ್ಚಿಸಿದ್ರೆ ಅವನು ಪರ್ಸೂ ಮುಚ್ಕೊಂಡು ಹೋಗ್ತಾನೆ."

ನಾನು ಬರೆದದ್ದರಲ್ಲಿ ಪ್ರತಿ ಸಾಲೂ "ನಾವು" ಎಂದು ಶುರುವಾಗುತ್ತಿತ್ತು. ನಾವು ಇಷ್ಟು ವರ್ಷದಿಂದ, ನಮ್ಮ ಗುಣಮಟ್ಟ, ನಮ್ಮ ಸೇವೆ. ಬಾಸ್ ಎಲ್ಲವನ್ನೂ ಹೊಡೆದು ಹಾಕಿ ಹೇಳಿದ: "ಬೆನ್ನು ನೋವಿರೋದು ಯಾರಿಗೆ? ಅಂಗಡಿಯವನಿಗಾ?" ಅಷ್ಟು ಹೇಳಿ ಟೀ ಕುಡಿಯಲು ಹೋದ. ಅಂದಿನಿಂದ ನಾನು ಓದುವವರ ಕಡೆಯಿಂದ ಶುರು ಮಾಡಿದೆ. ಓದುವವರಿಗೆ ಬರಬಹುದಾದ ಅತಿ ಗಟ್ಟಿ ಆಕ್ಷೇಪ ಯಾವುದೋ ಅದನ್ನು ನಾನೇ ಮೊದಲು ಬರೆಯುವುದು, ಆಮೇಲೆ ಅದಕ್ಕೆ ಉತ್ತರ. ಚರ್ಚೆಯಲ್ಲಿ ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಬೀಳಿಸುವುದಿಲ್ಲವೇ, ಅದೇ. ಇಲ್ಲಿ ಬೀಳಿಸುವ ಬದಲು ಕೂರಿಸಬೇಕು, ನೀರು ಕೊಡಬೇಕು. ತಲಘಟ್ಟಪುರದ ಸೈಟುಗಳಿಗೆ "ಇಷ್ಟು ದೂರ ಯಾರು ಹೋಗ್ತಾರೆ ಅನ್ನಿಸುತ್ತಿದೆ, ಅಲ್ಲವೇ?" ಎಂದೇ ಶುರು ಮಾಡಿದೆ. ಸೈಟು ನೋಡಲು ಜನ ವ್ಯಾನಿನಲ್ಲಿ ಹೊರಟರು.

ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಮಿಲ್ಲು ನಿಂತು, ಮೇಜಿನ ನಡುಕ ನಿಂತು, ಎಲ್ಲ ಮಾನಿಟರುಗಳೂ ಕಪ್ಪಾಗಿ ಇಡೀ ಕೋಣೆ ಒಮ್ಮೆಲೇ ಗಪ್ ಎಂದಾಗ ಅದು ಕೇಳುತ್ತಿತ್ತು. ಪಕ್ಕದಲ್ಲಿ ಪೇಪರ್ ಮಡಿಸುತ್ತ ಕೂತವರು ಹೇಳಿದ ಹಾಗೆ. "ಆಮೇಲೆ?"

ಮೊದಲ ಸಲ ನಾನು ತಿರುಗಿ ನೋಡಿದೆ. ಡಿಸೈನ್ ಮಾಡುವ ಹುಡುಗಿ ಟಿಫಿನ್ ಬಾಕ್ಸ್ ತೆಗೆಯುತ್ತಿದ್ದಳು. ಇದಕ್ಕೆ ವಿವರಣೆ ಇದೆ, ಆಗಲೂ ಇತ್ತು. ಎಷ್ಟೋ ವರ್ಷ ಒಂದು ಶಬ್ದ ಕೇಳಿದ ಕಿವಿ, ಆ ಶಬ್ದ ಬರಬೇಕಾದ ಜಾಗದಲ್ಲಿ ತಾನೇ ತುಂಬಿಕೊಳ್ಳುತ್ತದೆ. ಸದ್ದು ನಿಂತ ಕೂಡಲೇ ಹಾಗಾಗುವುದು ಸಹಜ. ಈ ವಿವರಣೆಯಿಂದ ನನಗೆ ಪೂರ್ತಿ ಸಮಾಧಾನವಾಗಿತ್ತು. ಆದರೆ ಕರೆಂಟು ಹೋದಾಗ ಕಾಗದದ ಮೇಲೆ ಬರೆದ ಸಾಲುಗಳೇ ಚೆನ್ನಾಗಿರುತ್ತಿದ್ದವು, ನಾನು ಕರೆಂಟು ಹೋಗುವುದನ್ನು ಕಾಯತೊಡಗಿದ್ದೆ ಎನ್ನುವುದನ್ನು ಯಾರಿಗೂ ಹೇಳಿರಲಿಲ್ಲ.

ಬಿಟಿಎಂ ಲೇಔಟಿನಲ್ಲಿ ಒಂದು ಖಾನಾವಳಿ ಇತ್ತು. ಉತ್ತರ ಕರ್ನಾಟಕದಿಂದ ಬಂದ ಒಬ್ಬ ಅಕ್ಕ ನಡೆಸುತ್ತಿದ್ದಳು. ಜೋಳದ ರೊಟ್ಟಿ, ಪಲ್ಯ, ಚಟ್ನಿಪುಡಿ. ಬಾಸ್ ಅಲ್ಲಿ ಊಟ ಮಾಡುತ್ತ ಮಾಡುತ್ತ ವೆಬ್‌ಸೈಟ್ ಮಾಡಿಕೊಡುವುದಾಗಿ ಒಪ್ಪಿಕೊಂಡು ಬಂದಿದ್ದ. ಏನು ಬರೆಯಬೇಕೆಂದು ಕೇಳಲು ನನ್ನನ್ನು ಕಳಿಸಿದ.

ಅಕ್ಕ ರೊಟ್ಟಿ ಬಡಿಯುತ್ತಲೇ ಮಾತಾಡಿದಳು. ರೊಟ್ಟಿಗೆ ವೆಬ್‌ಸೈಟು ಬೇಡ, ಮಂದಿ ತಾವಾಗಿ ಬರ್ತಾರೆ. ಬೇಕಾದದ್ದು ಪಿತೃಪಕ್ಷಕ್ಕೆ.

"ನಮ್ಮ ಕಡಿ ಹುಡುಗೂರು ಇಲ್ಲಿ ಪೀಜಿನ್ಯಾಗ ಇರ್ತಾವು ನೋಡು ತಂಗಿ. ಒಂದ ಖೋಲ್ಯಾಗ ಮೂರು ಮಂದಿ. ಊದಿನಕಡ್ಡಿ ಹಚ್ಚಿದ್ರೂ ಓನರ್ ಬೈತಾರು. ಹಿರೇರಿಗೆ ಎಡಿ ಎಲ್ಲಿ ಇಡಬೇಕು ಅವು? ಮಂಚದ ಮ್ಯಾಲೇನು? ಹೋದ ವರ್ಷ ಒಂದು ಹುಡುಗಿ ಬಂದು ಅಕ್ಕಾ, ನಮ್ಮಪ್ಪಗ ಹುಗ್ಗಿ ಸೇರ್ತಿತ್ತು, ಮಾಡಿಕೊಡ್ತೀರೇನು ಅಂತು. ಮಾಡಿಕೊಟ್ಟೆ. ನನ್ನ ಹಿಂದಿನ ಖೋಲಿ ಬಿಟ್ಟುಕೊಟ್ಟೆ. ಬಾಗಲಾ ಮುಚ್ಚಿ ಹೊರಗ ಕೂತು ಅತ್ತ ಅತ್ತು... ಆಮ್ಯಾಲೆ ನಾಕು ರೊಟ್ಟಿ ತಿಂದ್ಲು." ಅಕ್ಕ ಹೆಂಚಿನ ಮೇಲೆ ರೊಟ್ಟಿ ತಿರುವಿದಳು. "ಈ ವರ್ಷ ಯಾರಿಗೆಲ್ಲ ಬೇಕೋ ಬರ್ಲಿ. ಅವರವರ ಹಿರೇರಿಗೆ ಏನು ಸೇರ್ತಿತ್ತೋ ನಾ ಮಾಡಿಕೊಡ್ತೀನಿ. ಖೋಲಿ ಐತಿ, ಬಾಗಲಾ ಐತಿ. ಅದನ್ನ ಬರಿ."

ನನಗೆ ಸುಮ್ಮನಿರಲಾಗಲಿಲ್ಲ. "ಅಲ್ಲಕ್ಕಾ, ಸತ್ತೋರು ಊರಿಂದ ಬಿಟಿಎಂ ಲೇಔಟ್ ಹುಡುಕ್ಕೊಂಡು ಬರ್ತಾರಾ? ಇಲ್ಲಿ ಆಟೋದವರಿಗೇ ಅಡ್ರೆಸ್ ಸಿಗಲ್ಲ."

ಅಕ್ಕ ನನ್ನ ಮುಖ ನೋಡಿದಳು. "ಈ ಹುಡುಗೂರಿಗೆ ಜ್ವರ ಬಂದಾಗ ತಲಿ ಮ್ಯಾಲೆ ಯಾರೋ ಕೈ ಇಟ್ಟಂಗ ಆಗ್ತೈತಂತ. ಆವಾಗ ದಾರಿ ಸಿಗ್ತೈತಿ. ಎಡಿಗೆ ಸಿಗಂಗಿಲ್ಲೇನು?" ಇನ್ನೊಂದು ಹಿಟ್ಟಿನುಂಡೆ ಎತ್ತಿಕೊಂಡು ಕೇಳಿದಳು: "ನಿಮ್ಮ ಮನ್ಯಾಗ ಯಾರಿಗೆ ಇಡ್ತೀರಿ?"

"ನಮ್ಮನೇಲಿ ಇಡಲ್ಲ."

"ಹಂಗಾರ ಅವರು ಎಲ್ಲಿ ಉಣ್ತಾರು?"

ನಾನು ಪೆನ್ನಿನ ಕ್ಯಾಪು ಹಾಕಿಕೊಂಡು ಎದ್ದೆ.

ಮೊದಲು ಬರೆದದ್ದು ಸತ್ತ ಗದ್ಯ. ಸಂಪ್ರದಾಯಬದ್ಧ, ಶುಚಿರುಚಿ, ನಿಮ್ಮ ಹಿರಿಯರ ಆಶೀರ್ವಾದ. ಬಾಸ್ ಓದಿ "ಇದು ಕೇಟರಿಂಗು" ಎಂದ. "ಆರ್ಡರ್ ಕೊಡೋದು ಬದುಕಿರೋರು. ಅವರ ಹತ್ರ ಮಾತಾಡು. ನಿನಗೆ ನಂಬಿಕೆ ಇಲ್ಲ ಅಂತ ನನಗೆ ಗೊತ್ತು, ಅದು ಒಳ್ಳೇದೇ. ನಂಬಿಕೆ ಇರೋರು ನಮ್ಮ ಪೇಜ್ ಓದಿ ಬರಲ್ಲ, ಹೆಂಗಿದ್ರೂ ಬರ್ತಾರೆ. ನಂಬಿಕೆ ಅರ್ಧ ಇರೋನಿಗೆ ಬರಿ."

ಗಟ್ಟಿ ಆಕ್ಷೇಪ ಏನು? ಸತ್ತವರು ಬರುವುದಿಲ್ಲ. ಅದನ್ನೇ ಮೊದಲ ಸಾಲಾಗಿ ಬರೆದೆ. ಆಗ ಕರೆಂಟು ಹೋಯಿತು. ಕೆಳಗೆ ಮಿಲ್ಲಿನ ಬೆಲ್ಟು ನಿಧಾನವಾಗುತ್ತ ನಿಂತಿತು.

"ಆಮೇಲೆ?"

ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಎಂದು ಬರೆದೆ.

"ಆಮೇಲೆ?"

ಅವರಿಗೂ ಗೊತ್ತಿಲ್ಲ, ಓದುವವರಿಗೆ.

"ಆಮೇಲೆ?"

ಗೊತ್ತಿರುವುದು ಏನು, ಹಾಗಾದರೆ? ಏನಾದರೂ ಗೊತ್ತಿರಲೇಬೇಕಲ್ಲ. ನಾನು ತಲೆ ತಗ್ಗಿಸಿ ಬರೆದೆ. ಪಕ್ಕಕ್ಕೆ ನೋಡಲಿಲ್ಲ. ನೋಡಿದರೆ ಅಲ್ಲಿ ಟಿಫಿನ್ ಬಾಕ್ಸಿನ ಹುಡುಗಿ ಇರುತ್ತಾಳೆಂದು ಗೊತ್ತಿತ್ತು, ಅದು ನನಗೆ ಬೇಕಿರಲಿಲ್ಲ. ಕೊನೆಗೆ ಕಾಗದದ ಮೇಲೆ ಉಳಿದದ್ದು ಇಷ್ಟು:

"ಅವರು ಬರುತ್ತಾರೋ ಇಲ್ಲವೋ, ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆದರೆ ಅವರಿಗೆ ಏನು ಇಷ್ಟವಿತ್ತು ಎಂಬುದು ಇಷ್ಟು ದೊಡ್ಡ ಊರಿನಲ್ಲಿ ನಿಮ್ಮೊಬ್ಬರಿಗೇ ಗೊತ್ತು. ಅದನ್ನು ಯಾರಿಗಾದರೂ ಹೇಳಿ ಎಷ್ಟು ದಿನವಾಯಿತು? ನಮಗೆ ಹೇಳಿ. ನಾವು ಮಾಡಿಕೊಡುತ್ತೇವೆ. ಬಾಗಿಲು ನೀವೇ ಮುಚ್ಚಿ."

ಕೆಳಗೆ ಖಾನಾವಳಿಯ ಫೋನ್ ನಂಬರು. ಆಗ ಕನ್ನಡ ಅಕ್ಷರಗಳು ಬೇರೆಯವರ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಒಡೆದುಹೋಗುತ್ತಿದ್ದವು. ಅದಕ್ಕೇ ಇಡೀ ಬರಹವನ್ನು ಚಿತ್ರವಾಗಿ ಮಾಡಿ ಪುಟಕ್ಕೆ ಹಾಕಿದೆವು. ಬಾಸ್ ಓದಿದ. "ಸಖತ್ತಾಗಿದೆ" ಎಂದಷ್ಟೇ ಹೇಳಿ, ಹೊರಗೆ ಹೋಗಿ ಮೊಬೈಲಿನಲ್ಲಿ ಯಾರೊಂದಿಗೋ ಮಾತಾಡಿದ. "ಅಜ್ಜಿಗೆ ಏನಿಷ್ಟ ಇತ್ತಮ್ಮ?" ಎನ್ನುವುದು ಮಾತ್ರ ನನಗೆ ಕೇಳಿಸಿತು.

ಖಾನಾವಳಿಯ ಫೋನು ಬಡಿದುಕೊಳ್ಳತೊಡಗಿತು. ಮುಂದಿನ ವರ್ಷದ ಪುಟಕ್ಕೆ ಫೋಟೋ ಬೇಕೆಂದು ಬಾಸ್ ಅಮಾವಾಸ್ಯೆಯ ದಿನ ನನ್ನನ್ನು ಕ್ಯಾಮೆರಾ ಕೊಟ್ಟು ಕಳಿಸಿದ.

ಆ ವರ್ಷ ಅಮ್ಮ ವಾದಕ್ಕೇ ಬಂದಿರಲಿಲ್ಲ. ಅನುಮಾನ ಬರಬೇಕಿತ್ತು ನನಗೆ. ಅವಳ ಆಫೀಸಿಗೆ ರಜೆ. ಬೆಳಿಗ್ಗೆ ಕಾಫಿ ಆದ ಮೇಲೂ ಅಡುಗೆಮನೆಯಿಂದ ಇನ್ನೊಮ್ಮೆ ಫಿಲ್ಟರ್ ತಟ್ಟುವ ಸದ್ದು ಕೇಳಿತು. "ಆಫೀಸಿನವಳೊಬ್ಬಳ ಮನೆಗೆ ಹೋಗ್ಬರ್ತೀನಿ" ಎಂದಳು. ನಾನು ಕೆಲಸಕ್ಕೆ ಎಂದು ಹೊರಟೆ.

ಖಾನಾವಳಿಯಲ್ಲಿ ಕ್ಯಾಮೆರಾ ಕಂಡು ಅಕ್ಕ ಕೈ ಅಡ್ಡ ಹಿಡಿದಳು. "ಎಡೀದು ಫೋಟೋ ಬ್ಯಾಡ. ಅವರು ಫೋಟೋದಾಗ ಬರಂಗಿಲ್ಲ. ಬಂದ್ರ ನೀ ಇಲ್ಲಿ ನಿಂದರಂಗಿಲ್ಲ."

ಹಿಂದಿನ ಕೋಣೆಗೆ ಒಬ್ಬೊಬ್ಬರಾಗಿ ಹೋಗಿ ಬರುತ್ತಿದ್ದರು. ಕುತ್ತಿಗೆಯಲ್ಲಿ ಆಫೀಸಿನ ಟ್ಯಾಗು ನೇತಾಡುತ್ತಿದ್ದ ಒಬ್ಬ ತನ್ನ ಅಜ್ಜನಿಗೆ ಮಿರ್ಚಿಭಜಿ ಇಟ್ಟು ಬಂದು, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಫೋನು ಬಂದರೆ "ಅಜ್ಜಾರ ಊಟಕ್ಕ ಕೂತಾರ, ಆಮ್ಯಾಲೆ ಮಾಡ್ತೀನಿ" ಎಂದು ಪಿಸುಗುಟ್ಟಿ ಇಟ್ಟ. ಸಹಜವಾಗಿ ಹೇಳಿದ, ಅಜ್ಜ ಒಳಗೆ ನಿಜವಾಗಿ ಕೂತಿರುವ ಹಾಗೆ. ನನ್ನ ಕತ್ತಿನ ಹಿಂದೆ ತಣ್ಣಗಾಯಿತು. ಫ್ಯಾನಿನ ಗಾಳಿ.

ಅವನು ಹೋದ ಮೇಲೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ನೋಡಿದರೆ ಅಮ್ಮ. ಕೈಯಲ್ಲಿ ಬಟ್ಟೆಯ ಚೀಲ, ಪಕ್ಕದಲ್ಲಿ ಅವಳ ಆಫೀಸಿನ ಹೆಂಗಸು.

"ನೀನೇನೇ ಇಲ್ಲಿ?"

"ಕೆಲಸ. ನೀನು?"

"ನನಗೂ ಕೆಲಸ."

ಕೇಳುವ ಅಗತ್ಯವಿರಲಿಲ್ಲ. ಚೀಲದಿಂದ ಡಿಕಾಕ್ಷನ್ನಿನ ವಾಸನೆ ಬರುತ್ತಿತ್ತು.

"ಅಪ್ಪ ಬೇಡ ಅಂದಿದ್ರಲ್ಲಮ್ಮ" ಎಂದೆ. ಗೆಲ್ಲುವ ಸಾಲು ಅದೇ ತಾನೇ.

"ಬರ್ತಾರೋ ಇಲ್ವೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ." ಅಮ್ಮ ನಿಂತಲ್ಲೇ ನಿಂತು ಹೇಳಿದಳು. "ಅವರಿಗೇನಿಷ್ಟ ಅಂತ ಈ ಊರಲ್ಲಿ ನನಗೊಬ್ಬಳಿಗೇ ಗೊತ್ತಿರೋದು. ಅದನ್ನ ಒಬ್ಬರ ಹತ್ರ ಹೇಳಿ ಎಷ್ಟು ದಿನ ಆಯ್ತು ಗೊತ್ತಾ? ನಮ್ಮನೇಲಿ ಅದಕ್ಕೆ ಜಾಗ ಇಲ್ಲ. ನೀನು ಬಿಡಲ್ಲ."

ನನ್ನ ಸಾಲುಗಳು. ಅಡುಗೆಮನೆಯ ಕನ್ನಡದಲ್ಲಿ, ಒಂದು ಬಿಡದೆ.

"ಇವರದ ವೆಬ್‌ಸೈಟ್‌ನ್ಯಾಗ ಐತ್ರಿ ಅದು" ಎಂದಳು ಆಫೀಸಿನ ಹೆಂಗಸು. "ಆಫೀಸಿನ್ಯಾಗ ನಾನ ತೋರ್ಸಿದೆ. ನಿಮ್ಮವ್ವಾರು ಓದಿ ಕನ್ನಡಕ ತಗದು ಹೊರಗ ಹೋಗಿಬಿಟ್ರು."

"ಅದನ್ನ ಬರೆದೋರು ಯಾರನ್ನೋ ಕಳ್ಕೊಂಡೋರೇ ಇರ್ಬೇಕು" ಎಂದಳು ಅಮ್ಮ. "ಇಲ್ದಿದ್ರೆ ಹಂಗೆ ಬರೆಯೋಕೆ ಆಗಲ್ಲ."

ಒಲೆಯ ಮುಂದಿದ್ದ ಅಕ್ಕ ತಿರುಗಿದಳು. "ಅಯ್ಯ, ಬರದವರು..." ಎಂದು ಬಾಯಿ ತೆರೆದಳು. ನಾನು ಅಮ್ಮನ ಭುಜದ ಹಿಂದಿನಿಂದ ತಲೆ ಅಲ್ಲಾಡಿಸಿದೆ.

ಒಂದು ವಾಕ್ಯ ಸಾಕಿತ್ತು. ಅದು ನಾನು ಬರೆದದ್ದಮ್ಮ, ಸಂಬಳಕ್ಕೆ, ಹಾಸಿಗೆ ಮಾರಿದ ಹಾಗೆ. ಅಮ್ಮ ಚೀಲ ಎತ್ತಿಕೊಂಡು ಮನೆಗೆ ಬರುತ್ತಿದ್ದಳು. ಆಮೇಲೆ ಯಾವ ವರ್ಷವೂ ಕೇಳುತ್ತಿರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಸುಲಭದ ಗೆಲುವು ಎದುರಿಗೆ ಬಂದು ನಿಂತದ್ದು ಅದೊಂದೇ ಸಲ. ನಾಲಿಗೆಯ ತುದಿಯಲ್ಲಿತ್ತು.

"ಬರದವರು ಯಾರೋ ನನಗೂ ಗೊತ್ತಿಲ್ರಿ" ಎಂದು ಅಕ್ಕ ಒಲೆಯ ಕಡೆ ತಿರುಗಿಕೊಂಡಳು. "ಅದಿರ್ಲಿ, ಮುದ್ದಿ ಮಾಡಾಕ ನನಗ ಬರಂಗಿಲ್ಲ. ಫೋನ್‌ನ್ಯಾಗ ಹೇಳಿದ್ನಲ್ಲ. ನೀವ ಮಾಡ್ರಿ."

ಅಮ್ಮ ಸೆರಗು ಸಿಕ್ಕಿಸಿಕೊಂಡು ಪರರ ಅಡುಗೆಮನೆಯಲ್ಲಿ ಮುದ್ದೆ ತಿರುವಿದಳು. ಉಪ್ಪುಸಾರು, ಬದನೆಕಾಯಿ ಎಣ್ಣೆಗಾಯಿ, ಖಾರದ ಕಡಲೆಬೀಜ. ಒಂದೊಂದನ್ನು ಬಡಿಸುವಾಗಲೂ ಅಕ್ಕನಿಗೆ ಹೇಳುತ್ತಿದ್ದಳು: ಕಡಲೆಬೀಜದಲ್ಲಿ ಕರಿಬೇವು ಮೊದಲು ಆರಿಸಿ ತಿಂತಿದ್ರು, ಮುದ್ದೆ ಮುರಿಯೋ ಮುಂಚೆ ಬೆರಳಿಂದ ಒತ್ತಿ ನೋಡ್ತಿದ್ರು. ಇಷ್ಟು ಮಾತು ಅವಳ ಬಾಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ನಾನು ಕೋಣೆಯ ಹೊಸ್ತಿಲ ಮೇಲೆ ನಿಂತಿದ್ದೆ. ಒಳಗೆ ದೀಪ, ಎಲೆ, ಒಂದು ಮಣೆ. ಮಣೆಯ ಮೇಲೆ ಯಾರೂ ಇರಲಿಲ್ಲ. ಆದರೂ ಅಮ್ಮ ಅದರ ಮುಂದೆ ದಾಟುವಾಗ ಬಗ್ಗಿ, ಪಕ್ಕಕ್ಕೆ ಸರಿದು ದಾಟುತ್ತಿದ್ದಳು.

ಕೊನೆಗೆ ಕಾಫಿ. ಮನೆಯಿಂದ ತಂದ ಡಿಕಾಕ್ಷನ್ನಿಗೆ ಬಿಸಿ ಹಾಲು ಹಾಕಿ, ಸ್ಟೀಲ್ ಲೋಟದ ತುಂಬ ಸುರಿದು ಎಲೆಯ ಪಕ್ಕ ಇಟ್ಟಳು.

"ಅಷ್ಟು ಕುಡಿಯಲ್ಲ" ಎಂದೆ.

ಅಮ್ಮ ತಿರುಗಿದಳು. "ಏನು?"

"ಅಪ್ಪ ಪೂರ್ತಿ ಲೋಟ ಕುಡಿಯಲ್ಲ. ಕೆನೆ ಕಟ್ಟುತ್ತೆ. ಅವರು ಬೈ ಟೂ ಕುಡಿಯೋದು."

"ಮನೇಲಿ ನಾನು ಕೊಟ್ಟಷ್ಟು ಕುಡೀತಿದ್ರು!"

"ನೀನು ಕೊಡ್ತಿದ್ದೆ, ಕುಡೀತಿದ್ರು. ಅರ್ಧ ವಾಷ್‌ಬೇಸಿನ್‌ಗೆ ಸುರೀತಿದ್ರು, ನಾನು ನೋಡಿದೀನಿ. ಹೊರಗೆ ನನ್ನ ಜೊತೆ ಯಾವಾಗ್ಲೂ ಬೈ ಟೂನೇ. ಇಷ್ಟಿಟ್ರೆ ಮುಟ್ಟಲ್ಲ."

"ನನಗೆ ಹೇಳ್ತೀಯಾ, ಅವರಿಗೇನಿಷ್ಟ ಅಂತ?"

"ಹೇಳ್ತೀನಿ. ಇದೊಂದು ನನಗೊಬ್ಬಳಿಗೇ ಗೊತ್ತು!"

ಜೋರಾಗಿಯೇ ಹೇಳಿದ್ದೆ. ಹಿಂದೆ ಅಕ್ಕ ಸೌಟು ಹಿಡಿದು ನಿಂತಿದ್ದಳು.

"ತಂಗಿ" ಎಂದಳು ಮೆಲ್ಲಗೆ, "ತುಂಬ ಇಟ್ರ ಮುಟ್ಟಂಗಿಲ್ಲ ಅಂತೀ. ಅರ್ಧ ಇಟ್ರ?"

ಉತ್ತರವನ್ನು ಆಗಲೇ ಕೊಟ್ಟಾಗಿತ್ತು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಗೆದ್ದವರ ನೋಟವಾಗಿರಲಿಲ್ಲ ಅದು. ಇನ್ನೊಂದು ಲೋಟ ತಂದು ನನ್ನ ಕೈಗೆ ಕೊಟ್ಟಳು. ನಾನು ಮಣೆಯ ಮುಂದೆ ಬಗ್ಗಿ ಅರ್ಧ ಕಾಫಿಯನ್ನು ನನ್ನ ಲೋಟಕ್ಕೆ ಸುರಿದುಕೊಂಡೆ. ಒಂದು ಗುಟುಕು ನನಗೇ ಹೆಚ್ಚು ಬಂತು. ಬೇಕೆಂದು ಹಾಗೆ ಸುರಿಯಲಿಲ್ಲ, ಕೈ ಹಾಗೆ ಸುರಿಯಿತು.

"ಬಾಗಲಾ ನೀವ ಮುಚ್ಚಬೇಕ್ರಿ" ಎಂದಳು ಅಕ್ಕ. ಅಮ್ಮ ನನಗೆ ಸನ್ನೆ ಮಾಡಿದಳು. ನಾನು ಮುಚ್ಚಿದೆ.

ಹೊರಗೆ ಫ್ಯಾನಿನ ಕೆಳಗಿದ್ದ ಬೆಂಚಿನ ಮೇಲೆ ಕೂತೆವು. ರಸ್ತೆಯಲ್ಲಿ ಬೈಕುಗಳು ಹೋಗುತ್ತಿದ್ದವು. ಒಳಗೆ ಏನೂ ಕೇಳಿಸಲಿಲ್ಲ. ಏನೂ ಕೇಳಿಸಬಾರದು, ಕೇಳಿಸುವುದಕ್ಕೆ ಅಲ್ಲಿ ಏನೂ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಖಾಲಿ ಕೋಣೆಯ ಮೌನ ಹೇಗಿರುತ್ತದೆಂದು ನನಗೆ ಗೊತ್ತು. ಇದು ಹಾಗಿರಲಿಲ್ಲ. ಯಾರೋ ಕಾಯುತ್ತಿರುವಾಗ ಇರುವ ಮೌನ. ಲೋಟ ಮುಂದಿಟ್ಟುಕೊಂಡು, ಮುಟ್ಟದೆ.

ನನ್ನ ಕೈಯಲ್ಲಿದ್ದ ಕಾಫಿಯ ಮೇಲೆ ಕೆನೆ ಕಟ್ಟಿತು. ಸುಕ್ಕುಸುಕ್ಕಾಗಿ ಅಂಚಿಗೆ ಅಂಟಿಕೊಂಡಿತು.

"ಕುಡಿಯೇ, ಆರಿಹೋಗ್ತಿದೆ" ಎಂದಳು ಅಮ್ಮ.

ವಿರೋಧ ಪಕ್ಷದವರು ಮೊದಲು. ನಾನು ಕುಡಿಯದಿದ್ದರೆ ಒಳಗೆ ಅದು ಹಾಗೇ ಇರುತ್ತದೆ. ಇದು ಯಾವ ತರ್ಕ? ಯಾವ ತರ್ಕವೂ ಅಲ್ಲ. ಬೆರಳಿನಿಂದ ಕೆನೆ ಎತ್ತಿ ಬದಿಗೆ ಹಾಕಿ, ಒಂದು ಗುಟುಕು ಕುಡಿದೆ. ಆಮೇಲೆ ಉಳಿದದ್ದನ್ನೂ.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಎದ್ದು ಕೆಮ್ಮಿದಳು, ಬಾಗಿಲು ತಟ್ಟಿದಳು, ತೆಗೆದಳು. ದೀಪ ಉರಿಯುತ್ತಿತ್ತು. ಮುದ್ದೆ ಹಾಗೇ ಇತ್ತು. ಕಡಲೆಬೀಜ ಹಾಗೇ ಇತ್ತು. ಕರಿಬೇವನ್ನು ಯಾರೂ ಆರಿಸಿರಲಿಲ್ಲ. ನಾನು ಸರಿಯಾಗಿ ನೋಡಿದೆ. ಕಾಫಿಯೂ ಇಟ್ಟಷ್ಟೇ ಇತ್ತು. ಮೇಲೆ ಮಾತ್ರ ಕೆನೆ ಇರಲಿಲ್ಲ. ನುಣ್ಣಗೆ, ಈಗ ತಾನೇ ಯಾರೋ ಲೋಟ ಕೆಳಗಿಟ್ಟ ಹಾಗೆ ತುಸು ಅಲುಗುತ್ತಿತ್ತು. ಅದೇ ಹಾಲು, ಅದೇ ಲೋಟದಿಂದ ಹಂಚಿದ ಕಾಫಿ, ಅಷ್ಟೇ ಹೊತ್ತು.

ಅಮ್ಮ ಲೋಟ ನೋಡಿದಳು. ನನ್ನನ್ನು ನೋಡಿದಳು. ಎಡೆಯ ಊಟವನ್ನು ನಾವೇ ಕೂತು ಉಂಡೆವು. ಆ ಕಾಫಿ ನನ್ನ ಪಾಲಿಗೆ ಬಂತು. ತಣ್ಣಗಿತ್ತು.

ಬನಶಂಕರಿಯ ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಡಿಕಾಕ್ಷನ್ ತಂದಿದ್ದ ಖಾಲಿ ಬಾಟಲಿಯ ಚೀಲ ಮಡಿಲಲ್ಲಿತ್ತು. ನನಗೆ ಸುಮ್ಮನೆ ಕೂರಲಾಗಲಿಲ್ಲ.

"ಅದಕ್ಕೆ ಕಾರಣ ಇದೆಯಮ್ಮ" ಎಂದೆ. "ನಾವು ಹೊರಗೆ ಫ್ಯಾನ್ ಕೆಳಗೆ ಕೂತಿದ್ವಿ. ಗಾಳಿಗೆ ಮೇಲಿನ ಪದರ ಬೇಗ ಒಣಗುತ್ತೆ, ಕೆನೆ ಕಟ್ಟುತ್ತೆ. ಒಳಗೆ ಬಾಗಿಲು ಮುಚ್ಚಿತ್ತು. ಗಾಳಿ ಆಡ್ಲಿಲ್ಲ. ಗಾಳಿ ಆಡದಿದ್ರೆ ಕೆನೆ ಅಷ್ಟು ಬೇಗ ಕಟ್ಟಲ್ಲ. ಬಾಗಿಲು ತೆಗೆದಾಗ ನೆಲ ಅದುರಿರುತ್ತೆ, ಅದಕ್ಕೇ ಅಲುಗಾಡಿದ್ದು. ಅಷ್ಟೇ."

ಅಮ್ಮ ಹೊರಗೆ ನೋಡುತ್ತಲೇ ಇದ್ದಳು. ಸಿಗ್ನಲ್ಲಿನಲ್ಲಿ ಬಸ್ಸು ನಿಂತು, ಡ್ರೈವರು ಎಂಜಿನ್ ಆಫ್ ಮಾಡಿದ. ಸೀಟುಗಳ ನಡುಕ ನಿಂತು, ಇಡೀ ಬಸ್ಸು ಒಮ್ಮೆಲೇ ಗಪ್ ಎಂದಿತು.

"ಆಮೇಲೆ?" ಎಂದಳು ಅಮ್ಮ, ನನ್ನ ಕಡೆ ತಿರುಗದೆ.

ಅವಳು ಯಾವತ್ತೂ ಹಾಗೆ ಕೇಳುವವಳಲ್ಲ. ನಾನು ಮುಂದಿನ ಅಂಶಕ್ಕಾಗಿ ಹುಡುಕಿದೆ. ಸಿಗ್ನಲ್ಲು ಹಸಿರಾಗಿ, ಎಂಜಿನ್ ಮತ್ತೆ ಶುರುವಾಗುವವರೆಗೂ ಹುಡುಕುತ್ತಲೇ ಇದ್ದೆ.